ಹೊಲಿಗೆ ಯಂತ್ರಕ್ಕೆ ತಕರಾರಿಲ್ಲದ ಮನೆ

ಇಂದ:
ಹುಡುಕುಪದಗಳ ಪರಿಶೀಲಕ,
ಬಾಡಿಗೆ ಮನೆಗಳ ಜಾಲತಾಣ, ಎರಡನೇ ಮಹಡಿ

ಗೆ:
ವ್ಯವಸ್ಥಾಪಕರು,
ಅದೇ ಜಾಲತಾಣ, ಮೂರನೇ ಮಹಡಿ

ವಿಷಯ: ಬಾಡಿಗೆದಾರರೊಬ್ಬರಿಗೆ ಕರೆ ಮಾಡುವ ಕೆಲಸವನ್ನು ನನಗೆ ವಹಿಸುವ ಬಗ್ಗೆ.

ಉಲ್ಲೇಖ: ತಮ್ಮ ಮೌಖಿಕ ಆದೇಶ: “ಹೇಗೆ, ಯಾಕೆ ಅಂತ ಹುಡುಕೋರು ಬರೀ ಓದಿ ಹೋಗ್ತಾರೆ ಕಣಯ್ಯ. ಎಷ್ಟು ಕೋಣೆ, ಯಾವತ್ತಿಂದ ಅಂತ ಹುಡುಕೋರೇ ಗಿರಾಕಿ.”

ಮಾನ್ಯರೇ,

೧. ಜನ ಏನೇನು ಬರೆದು ಹುಡುಕುತ್ತಾರೆಂಬ ಪಟ್ಟಿಯನ್ನು ಪ್ರತಿ ವಾರ ನೋಡಿ, ಮನೆ ಹಿಡಿಯುವವರನ್ನೂ ಸುಮ್ಮನೆ ವಿಚಾರಿಸುವವರನ್ನೂ ಬೇರ್ಪಡಿಸುವುದು ನನ್ನ ಕೆಲಸ. ನಾನು ಸಂಖ್ಯಾಶಾಸ್ತ್ರದ ಪದವೀಧರ. ತಪ್ಪುವುದು ನೂರಕ್ಕೆ ನಾಲ್ಕು.

೨. ಮೊದಲ ವಾರ “ಹೊಲಿಗೆ ಯಂತ್ರದ ಸದ್ದು ಮನೆಯವರಿಗೆ ಕೇಳದಂತೆ ಮಾಡುವುದು ಹೇಗೆ” ಎಂದಿತ್ತು. “ಹೇಗೆ” ಇದ್ದ ಕಾರಣ ಹೊಡೆದುಹಾಕಿದೆ. ಮೂರನೇ ವಾರ “ಗಂಡ ಹೆಂಡತಿ ಬೇರೆ ಮನೆಗಳಲ್ಲಿದ್ದರೆ ತಪ್ಪೇ” ಎಂದಿತ್ತು. ಅದನ್ನೂ ಹೊಡೆದೆ.

೩. ಆರನೇ ವಾರ “ಹೊಲಿಗೆ ಯಂತ್ರಕ್ಕೆ ತಕರಾರಿಲ್ಲದ ಒಂದು ಕೋಣೆಯ ಮನೆ, ಒಂದನೇ ತಾರೀಖಿನಿಂದ” ಎಂದಿತ್ತು. ಉತ್ತಮ ಗಿರಾಕಿಯೆಂದು ಗುರುತಿಸಿ, ಅದೇ ಮಾತುಗಳಿಟ್ಟು ಒಂದು ಪುಟ ಮಾಡಿಸಿದೆ. ಮೂರೇ ದಿನದಲ್ಲಿ ಮನೆ ಹೋಯಿತು. ತಾವು ಎಲ್ಲರೆದುರು ನನ್ನ ಬೆನ್ನು ತಟ್ಟಿದಿರಿ.

೪. ಸಂಜೆ ಇದನ್ನು ಹೆಂಡತಿಗೆ ಹೇಳಿದೆ. ಅವಳು ತನ್ನ ಹೊಲಿಗೆ ಯಂತ್ರಕ್ಕೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳು.

“ಆ ಮನೆ ಹಿಡಿದಿದ್ದು ನಾನೇ ಕಣ್ರೀ.”

“ಹ್ಞೂಂ.”

“ಕೇಳಿಸ್ತಾ?”

“ಹ್ಞೂಂ... ಏನಂದೆ?”

“ಪುಟ ಚೆನ್ನಾಗಿತ್ತು ಅಂದೆ. ನಂಗೇನು ಬೇಕು ಅಂತ ಎಷ್ಟು ಸರಿಯಾಗಿ ಬರೆದಿದ್ದಾರಪ್ಪ ಅಂದ್ಕೊಂಡೆ. ನೀವಿರಬಹುದು ಅಂತ ಹೊಳೀಲೇ ಇಲ್ಲ.”

೫. ಹಿಂದಿನ ಎರಡು ಸಾಲುಗಳೂ ಅವಳವೇ ಎಂದು ವಿಚಾರಣೆಯಿಂದ ತಿಳಿದುಬಂದಿದೆ. ಆದ್ದರಿಂದ “ಹೇಗೆ” ಎನ್ನುವವರು ಓದಿ ಹೋಗುತ್ತಾರೆಂಬ ನಿಯಮವನ್ನು ತಿದ್ದುವುದು ಅವಶ್ಯ. ಅವರು ಹೋಗುವುದು ನಿಜ, ಆದರೆ ಓದಿ ಅಲ್ಲ. ಮೊದಲ ಪ್ರಶ್ನೆಗೆ ಉತ್ತರವೂ ಸುಲಭವಿತ್ತು: ಯಂತ್ರದ ಕೆಳಗೆ ದಪ್ಪ ರಬ್ಬರು ಹಾಸಿದರೆ ಸಾಕು.

೬. ಮನೆ ಹಿಡಿದವರಿಗೆ ಹತ್ತನೇ ದಿನ ಕರೆ ಮಾಡಿ, ಅವರು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಬರೆದುಕೊಳ್ಳುವುದು ನಮ್ಮಲ್ಲಿ ಕಡ್ಡಾಯ. ಈ ಒಂದು ಕರೆಯನ್ನು ನನಗೆ ವಹಿಸಬೇಕಾಗಿ ವಿನಂತಿ. ಬಾಡಿಗೆದಾರರ ಒಪ್ಪಿಗೆ ಪಡೆದಿದ್ದೇನೆ. “ಆಫೀಸಿನ ಕೆಲಸ ಅಂದ್ರೆ ನೀವು ಸರಿಯಾಗಿ ಕೇಳಿಸ್ಕೊಳ್ತೀರಿ. ಮಾಡಿ” ಎಂದಿದ್ದಾಳೆ.

ತಮ್ಮ ನಿಯಮದ ಮೇಲೆ ವಿಶ್ವಾಸವಿಟ್ಟಿದ್ದ,
(ಸಹಿ)

ಲಗತ್ತು: ಮೂರು ಸಾಲುಗಳ ಪ್ರತಿ, ಮೊದಲೆರಡರ ಮೇಲೆ ನನ್ನ ಕೆಂಪು ಗೆರೆ ಸಹಿತ.

ವಿ.ಸೂ.: ಫಾರಮ್ಮಿನಲ್ಲಿ ಬಾಡಿಗೆದಾರರ ಉತ್ತರಕ್ಕೆ ಎರಡೇ ಸಾಲು ಜಾಗವಿದೆ. ಹನ್ನೊಂದು ವರ್ಷದ ಸಂಸಾರದ್ದು ಬರೆದುಕೊಳ್ಳಬೇಕಾಗಿರುವ ಕಾರಣ ಹೆಚ್ಚುವರಿ ಹಾಳೆಗಳನ್ನು ಮಂಜೂರು ಮಾಡಬೇಕಾಗಿ ಕೋರಿಕೆ.