ಕೆಂಪಯ್ಯನ ಮೇಲೆ ಕಟ್ಟಿದ ಕಾಯಿ

ಭಾನುವಾರ ಬೆಳಿಗ್ಗೆ ದೇವೀರಮ್ಮ ಹತ್ತು ತೆಂಗಿನಕಾಯಿಗಳನ್ನು ಚೀಲಕ್ಕೆ ತುಂಬಿ ಗಂಡನ ಹೆಗಲಿಗೇರಿಸಿದಳು.

"ಗೋಣಿಬೀಡಲ್ಲಿ ನನ್ನ ತಂಗಿ ಮನೆಗೆ ಕೊಟ್ಟು ಸೀದಾ ಬನ್ನಿ. ನಾಳೆ ಮಗೂಗೆ ಹೆಸರಿಡೋದು. ದಾರೀಲಿ ಎಲ್ಲೂ ನಿಲ್ಲಬೇಡಿ."

ಸೀದಾ ಹೋಗಿ ಸೀದಾ ಬರುವುದು ಕೆಂಪಯ್ಯನ ಹಣೆಯಲ್ಲೇ ಬರೆದಿರಲಿಲ್ಲ. ಎಸ್ಟೇಟಿನ ಪಲ್ಪರ್ ಮನೆಯಲ್ಲಿ ನಿಂತು ನಿಂತು ಕಾಫಿ ಹಣ್ಣು ಸುಲಿಸುತ್ತಲೇ ಅರ್ಧ ಆಯುಷ್ಯ ಕಳೆದ ಮನುಷ್ಯ ಅವನು. ವಯಸ್ಸು ನಲವತ್ತೇಳು. ನಡೆಯುವಾಗ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದಿರುತ್ತಿತ್ತು. ಗೋಣಿಬೀಡಿನಲ್ಲಿ ಬಸ್ ಇಳಿದವನಿಗೆ ರಸ್ತೆಯಾಚೆಯ ಗದ್ದೆಯಲ್ಲಿ ಜಾತ್ರೆಯಷ್ಟು ಜನ ಕಂಡರು. ಮೈಕಿನಲ್ಲಿ ಯಾರೋ ಕೂಗುತ್ತಿದ್ದರು. ಯುವಕ ಸಂಘದವರ ಕೆಸರುಗದ್ದೆ ಓಟ. ಒಂದು ಗಳಿಗೆ ನೋಡಿ ಹೋದರಾಯಿತೆಂದು ಕೆಂಪಯ್ಯ ನಿಂತ.

ಗದ್ದೆಯ ಬದಿಯಲ್ಲಿ ಒಂದು ಪಿಕಪ್ ಗಾಡಿ, ಅದರ ಮೇಲೆ ನೀಲಿ ಟಾರ್ಪಾಲಿನ ಕೆಳಗೆ ದೊಡ್ಡದೊಂದು ಟೀವಿ. ಟೀವಿಯಲ್ಲಿ ಐದು ಹೆಸರು, ಒಂದೊಂದರ ಮುಂದೆ ಒಂದು ಅಂಕಿ. ಮೊದಲ ಹೆಸರು ಪೋಸ್ಟ್‌ಮ್ಯಾನ್ ರಂಗನಾಥನದು, ಅದರ ಮುಂದೆ ಒಂದೂವರೆ. ಕೊನೆಯ ಹೆಸರು ಓದಿ ಕೆಂಪಯ್ಯ ಕಣ್ಣುಜ್ಜಿಕೊಂಡ. ಅದು ಅವನದೇ. ಮುಂದೆ ನಲವತ್ತು ಎಂದಿತ್ತು.

"ನಾನೇ ಬರೆಸಿದ್ದು ಮಾರಾಯ," ಎನ್ನುತ್ತ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಉಮೇಶ್ ಬಂದು ಹೆಗಲ ಮೇಲೆ ಕೈಯಿಟ್ಟ. "ನಲವತ್ತೈದು ದಾಟಿದವರ ಓಟ. ಐದು ಜನ ಇಲ್ದಿದ್ರೆ ನಡೆಸಲ್ಲ ಅಂದ್ರು. ನಾಲ್ಕೇ ಸಿಕ್ಕಿದ್ರು. ನೀನು ಇವತ್ತು ಈ ಕಡೆ ಬರ್ತೀಯ ಅಂತ ಗೊತ್ತಿತ್ತು."

"ನನ್ನ ವಯಸ್ಸು ನಲವತ್ತೇಳು ರೈಟ್ರೇ. ಏಳು ಕಮ್ಮಿ ಹಾಕಿದಾರೆ."

"ಅದು ವಯಸ್ಸಲ್ಲ. ನಿನ್ನ ಮೇಲೆ ಒಂದು ಕಾಯಿ ಕಟ್ಟಿದವನಿಗೆ, ನೀನು ಗೆದ್ರೆ, ನಲವತ್ತು ಕಾಯಿ ಸಿಗುತ್ತೆ. ದುಡ್ಡು ಕಟ್ಟಿದ್ರೆ ಪೊಲೀಸ್ರು ಬರ್ತಾರೆ ಅಂತ ತೆಂಗಿನಕಾಯಿ ಇಟ್ಟಿದಾರೆ."

"ರಂಗನಾಥಪ್ಪೋರಿಗೆ ಮಾತ್ರ ಒಂದೂವರೆ ಯಾಕೆ?"

"ದಿನಾ ಗುಡ್ಡ ಹತ್ತಿಳಿದು ಕಾಗದ ಹಂಚೋ ಮನುಷ್ಯ. ಅವ್ರು ಗೆಲ್ತಾರೆ ಅಂತ ಎಲ್ರಿಗೂ ಗೊತ್ತು. ನೀನು ಗೆಲ್ಲಲ್ಲ ಅಂತಾನೂ ಎಲ್ರಿಗೂ ಗೊತ್ತು. ನಿನ್ನ ಮೇಲೆ ಬಿದ್ದಿರೋದು ಒಂದೇ ಕಾಯಿ."

"ಯಾರು ಕಟ್ಟಿದ್ದು?"

"ನಾನೇ. ಕೊಳೆತಿತ್ತು."

ಕೆಂಪಯ್ಯನಿಗೆ ಆ ಮಾತು ಎದೆಗೆ ತಾಗಿತು. ತಾಗಿದ ಜಾಗದಲ್ಲೇ ಒಂದು ಲೆಕ್ಕವೂ ಮೊಳೆಯಿತು. ಹತ್ತು ಕಾಯಿಗೆ ನಾನೂರು. ನಾದಿನಿಯ ಮನೆ ಮುಂದೆ ಜೀಪು ನಿಲ್ಲಿಸಿ ಕಾಯಿ ಇಳಿಸುತ್ತಿರುವಂತೆಯೂ, ದೇವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಿಂತಿರುವಂತೆಯೂ ಕಂಡಿತು. ಉಮೇಶ್ ಅತ್ತ ತಿರುಗಿದ್ದೇ ತಡ, ಪಿಕಪ್ ಬಳಿ ಹೋಗಿ ಚೀಲ ಇಳಿಸಿ, ಮೆಲ್ಲಗೆ ತನ್ನ ಹೆಸರನ್ನೇ ಹೇಳಿದ.

ಅಲ್ಲಿ ಕೂತಿದ್ದವನು ಗೊಬ್ಬರದಂಗಡಿ ಗಂಗಾಧರಪ್ಪನವರ ಮಗ ಶಶಿಕಿರಣ್. ಕೆಲವು ವರ್ಷ ಬೆಂಗಳೂರಿನ ಕುದುರೆ ರೇಸಿನ ಕೌಂಟರಿನಲ್ಲಿ ಕೆಲಸ ಮಾಡಿ ಬಂದಿದ್ದ. ಹೆಸರಿಲ್ಲದ ಚೀಟಿಯೊಂದನ್ನು ಹರಿದು ಕೊಟ್ಟು ಕಂಪ್ಯೂಟರಿನ ಗುಂಡಿ ಒತ್ತಿದ. ಟೀವಿ ಒಮ್ಮೆ ಮಿಣುಕಿತು. ಕೆಂಪಯ್ಯನ ಮುಂದಿದ್ದ ನಲವತ್ತು, ನಾಲ್ಕೂವರೆಯಾಗಿ ಕೆಂಪಗೆ ಹೊಳೆಯಿತು.

"ಟೀವಿ ಕೆಟ್ಟಿದೆ ತಮ್ಮಾ."

"ಕೆಟ್ಟಿಲ್ಲ ಕೆಂಪಣ್ಣ. ಬಂದ ಕಾಯಿ ಎಲ್ಲಾ ಒಂದೇ ಗುಡ್ಡೆಗೆ ಹೋಗುತ್ತೆ. ಹತ್ತರಲ್ಲಿ ಒಂದು ಭಾಗ ಸಂಘಕ್ಕೆ. ಉಳಿದದ್ದನ್ನ ಗೆದ್ದವನ ಮೇಲೆ ಕಟ್ಟಿದವರು ಹಂಚ್ಕೋಬೇಕು. ಆವಾಗ ನಿಮ್ಮ ಮೇಲೆ ಇದ್ದಿದ್ದು ಒಂದೇ ಕಾಯಿ. ಈಗ ಹಂಚ್ಕೊಳ್ಳೋರು ಜಾಸ್ತಿ ಆದ್ರು."

"ಆ ಜಾಸ್ತಿ ಆದವನು ನಾನೇ ಅಲ್ವಾ?"

"ನೀವೇ. ನಿಮಗೆ ನೀವೇ ಅಡ್ಡ ಬಂದ್ರಿ."

"ನಾನು ಚೀಟಿ ತಗೊಂಡಾಗ ನಲವತ್ತಿತ್ತು."

"ಅದು ಆವಾಗಿನ ಮಾತು. ಓಟ ಶುರುವಾಗೋ ಹೊತ್ತಿಗೆ ಎಷ್ಟಿರುತ್ತೋ ಅದೇ ಲೆಕ್ಕ. ಬೇರೆಯವರ ಮೇಲೆ ಜನ ಕಟ್ಟಿದ್ರೆ ನಿಮ್ದು ಏರುತ್ತೆ, ನಿಮ್ಮ ಮೇಲೆ ಕಟ್ಟಿದ್ರೆ ಇಳಿಯುತ್ತೆ."

"ಹಂಗಾದ್ರೆ ವಾಪಸ್ ಕೊಡಪ್ಪ."

"ವಾಪಸ್ ಇಲ್ಲ. ಬೇಕಾದ್ರೆ ಚೀಟಿನ ಬೇರೆಯವರ ಮೇಲೆ ಬದಲಾಯಿಸ್ಕೊಳ್ಳಿ. ಸೀಟಿ ಊದೋವರೆಗೂ ಅವಕಾಶ ಇದೆ."

ತಾನೇ ಓಡಿ ತನ್ನ ಸೋಲಿನ ಮೇಲೆ ಕಾಯಿ ಕಟ್ಟುವುದೆ? ಅಷ್ಟು ಕೆಳಗಿಳಿಯಲು ಕೆಂಪಯ್ಯನಿಗೆ ಮನಸ್ಸಾಗಲಿಲ್ಲ. ಜನ ತನ್ನನ್ನು ಮರೆತು ಬೇರೆಯವರ ಮೇಲೆ ಕಟ್ಟುವ ಹಾಗೆ ಮಾಡಬೇಕು. ಅದೊಂದೇ ದಾರಿ ಎಂದುಕೊಂಡ.

ಅಷ್ಟರಲ್ಲಿ ಜನ ಟೀವಿ ನೋಡಿದ್ದರು. "ನಲವತ್ತು ಇದ್ದಿದ್ದು ಒಂದೇ ಏಟಿಗೆ ನಾಲ್ಕೂವರೆ. ಯಾರೋ ಒಳಗಿನ ಸುದ್ದಿ ಗೊತ್ತಿರೋರೇ ಕಟ್ಟಿದಾರೆ," ಎಂದು ಗುಸುಗುಸು ಎದ್ದಿತು. ನೋಡನೋಡುತ್ತಿದ್ದಂತೆ ಅಂಕಿ ಮೂರಕ್ಕೆ ಇಳಿಯಿತು.

ಕೆಂಪಯ್ಯ ಕುಂಟತೊಡಗಿದ. ಎಡಗಾಲನ್ನು ಎಳೆಯುತ್ತ, ಎಲ್ಲರಿಗೂ ಕಾಣುವಂತೆ ಗದ್ದೆಯ ಬದಿಯಲ್ಲಿ ಒಂದು ಸುತ್ತು ಬಂದ. ಬಜ್ಜಿ ಕರಿಯುತ್ತಿದ್ದ ಸರೋಜಮ್ಮ ಜಾಲರಿ ಸೌಟನ್ನು ಬಾಣಲೆಯ ಮೇಲೆಯೇ ಹಿಡಿದು ಅವನನ್ನು ನೋಡಿದಳು.

"ನಿನ್ನೆ ಸಂತೇಲಿ ಚೆನ್ನಾಗೇ ನಡೀತಿದ್ರಲ್ಲ. ಯಾಮಾರಿಸ್ತಿದಾರೆ. ನಂದೂ ಎರಡು ಕಾಯಿ ಕೆಂಪಯ್ಯನ ಮೇಲೆ ಹಾಕ್ರಪ್ಪ," ಎಂದಳು.

ಅಂಕಿ ಎರಡೂವರೆಯಾಯಿತು. ಕುಂಟುವುದನ್ನು ಬಿಟ್ಟು ಕೆಮ್ಮಿದ, ಎರಡಾಯಿತು. ಉಬ್ಬಸ ಬಂದವನ ಹಾಗೆ ಬದುವಿನ ಮೇಲೆ ಕೂತ. ಕಾಲಿಗೆ ವಿಶ್ರಾಂತಿ ಕೊಡ್ತಿದಾನೆ ನೋಡಿ ಎಂದರು. ಕೊನೆಗೆ ತಡೆಯಲಾರದೆ ಉಮೇಶನ ಕೈ ಹಿಡಿದು ನಿಜ ಹೇಳಿದ.

"ಒಳಗಿನ ಸುದ್ದಿ ಎಂಥದೂ ಇಲ್ಲ ರೈಟ್ರೇ. ಆ ಹತ್ತು ಕಾಯಿ ಕಟ್ಟಿದ ಮುಠ್ಠಾಳ ನಾನೇ. ಎಲ್ರಿಗೂ ಹೇಳಿಬಿಡಿ."

ಉಮೇಶ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿನ್ನ ಮೇಲೆ ನೀನೇ ಹತ್ತು ಕಟ್ಟಿದೀಯ? ಅಷ್ಟು ಧೈರ್ಯ ಇದೆಯಾ ನಿಂಗೆ?" ಎಂದವನೇ ಎಸ್ಟೇಟಿನ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ. ಬಾಳೂರಿನಿಂದ ಬಂದ ಜೀಪೊಂದು ಜನರಿಗಿಂತ ಹೆಚ್ಚು ಕಾಯಿ ಇಳಿಸಿತು. ಪಿಕಪ್ ಪಕ್ಕದ ಗುಡ್ಡೆ ಮುಳ್ಳಯ್ಯನಗಿರಿಗೆ ತಮ್ಮನಂತೆ ಬೆಳೆಯಿತು. ಮೊದಲು ರಂಗನಾಥನ ಮೇಲೆ ಕಟ್ಟಿದ್ದವರೂ ಚೀಟಿ ಬದಲಾಯಿಸಲು ಸಾಲುಗಟ್ಟಿದರು.

ಆ ಸಾಲನ್ನು ಸೀಳಿಕೊಂಡು ದೇವೀರಮ್ಮ ಬಂದಳು. ಕಾಯಿ ಇನ್ನೂ ಬಂದಿಲ್ಲವೆಂದು ತಂಗಿ ಫೋನು ಮಾಡಿದ್ದಳು.

"ಕಾಯಿ ಎಲ್ಲಿ?"

"ಆ ಗುಡ್ಡೇಲಿದೆ."

"ಅದ್ರಲ್ಲಿ ನಮ್ದು ಯಾವುದು?"

ಕೆಂಪಯ್ಯ ಗುಡ್ಡೆಯನ್ನೊಮ್ಮೆ ನೋಡಿ ನೆಲ ನೋಡಿದ. ವಿಷಯ ತಿಳಿದ ದೇವೀರಮ್ಮ ಜನರ ಕಡೆ ತಿರುಗಿ, "ಈ ಮನುಷ್ಯ ಓಡೋದುಂಟಾ? ಹಾಲಿನ ಡೈರಿಗೆ ಹೋಗಿ ಬರೋಷ್ಟರಲ್ಲಿ ಮೂರು ಕಡೆ ಕೂರ್ತಾರೆ," ಎಂದಳು. ಅದು ಅಪ್ಪಟ ಸತ್ಯವಾಗಿತ್ತು. "ಹೆಂಡತಿಗೂ ಹೇಳ್ಕೊಟ್ಟು ಕರೆಸಿದಾನೆ, ಭಾರೀ ಆಸಾಮಿ," ಎಂದ ಜನ ಉಳಿದ ಕಾಯಿಗಳನ್ನೂ ತಂದು ಸುರಿದರು.

ಸೀಟಿ ಊದುವ ಹೊತ್ತಾಯಿತು. ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದ ಕೆಂಪಯ್ಯ ಕೊನೆಯ ಸಲ ಟೀವಿಯ ಕಡೆ ನೋಡಿದ. ಹನಿ ಮಳೆಗೆ ಗಾಜು ಮಸುಕಾಗಿತ್ತು. ತನ್ನ ಹೆಸರಿನ ಮುಂದೆ ಸೊನ್ನೆ, ಅದರ ಪಕ್ಕ ಒಂಬತ್ತು. ಬ್ಯಾಂಕಿನ ಟೋಕನ್ನಿನಲ್ಲೂ ಹೀಗೆಯೇ ಅಂಕಿಗೆ ಮೊದಲು ಒಂದು ಸೊನ್ನೆ ಇರುತ್ತದೆ. ಹಾಗಾದರೆ ಅಂಕಿ ಏರಿದೆ. ಕುಂಟಿದ್ದು, ಕೆಮ್ಮಿದ್ದು ಕಡೆಗೂ ಫಲ ಕೊಟ್ಟಿದೆ. ಹತ್ತು ಕಾಯಿಗೆ ತೊಂಬತ್ತು. ಅವನ ಕಾಲಿಗೆ ಎಲ್ಲಿಲ್ಲದ ಕಸುವು ಬಂತು.

ಆ ಕಸುವು ಎರಡು ಹೆಜ್ಜೆಗಷ್ಟೇ ಸಾಕಾಯಿತು. ಮೂರನೆಯ ಹೆಜ್ಜೆಗೆ ಕೆಂಪಯ್ಯ ಎಮ್ಮೆಯ ಹಾಗೆ ಕೆಸರಿನಲ್ಲಿ ಮಲಗಿದ. ಕಣ್ಣೊರೆಸಿಕೊಂಡು ತಲೆಯೆತ್ತಿದರೆ ವಿಚಿತ್ರ. ಆಚೆ ಬದುವಿನಲ್ಲಿ ಗುರಿಗೆಂದು ಕಟ್ಟಿದ್ದ ಹಗ್ಗದ ಹತ್ತಿರ ತಲುಪಿದ್ದ ರಂಗನಾಥ ಅಲ್ಲೇ ನಿಂತು, ಬಗ್ಗಿ, ಕೆಸರೊಳಗೆ ಕೈಯಾಡಿಸುತ್ತ, "ಉಂಗುರ ಬಿದ್ದೋಯ್ತು," ಎನ್ನುತ್ತಿದ್ದ. ಇಬ್ಬರು ಪಕ್ಕೆ ಹಿಡಿದುಕೊಂಡು ಕೂತಿದ್ದರು. ನಾಲ್ಕನೆಯವನಂತೂ ಹಿಂದಿರುಗಿ ಬಂದು, "ಏಳಿ ಕೆಂಪಣ್ಣ, ಏಳಿ," ಎಂದು ಕೈ ಹಿಡಿದೆಬ್ಬಿಸಿದ. ದೇವರು ಕಣ್ಣು ಬಿಟ್ಟನೆಂದುಕೊಂಡ ಕೆಂಪಯ್ಯ ಎದ್ದು, ಬಿದ್ದು, ತೆವಳಿ, ಮತ್ತೆ ಎದ್ದು ಹಗ್ಗ ಮುಟ್ಟಿದ.

ಊರು ಬಿರಿಯುವಂತೆ ಕೂಗೆದ್ದಿತು. ಜನ ಕೆಸರುಸಮೇತ ಅವನನ್ನು ಹೊತ್ತು ತಂದು ಪಿಕಪ್ ಮುಂದೆ ಇಳಿಸಿದರು. ಹುಟ್ಟಿದಂದಿನಿಂದ ಕೆಂಪಯ್ಯನನ್ನು ಯಾರೂ ಹೊತ್ತು ಮೆರೆಸಿರಲಿಲ್ಲ.

"ಒಂದಕ್ಕೆ ಒಂಬತ್ತು. ಚೀಲ ತನ್ನಿ," ಎಂದ ಉಮೇಶ್.

ಶಶಿಕಿರಣ್ ಟವೆಲಿನಿಂದ ಟೀವಿಯ ಗಾಜು ಒರೆಸಿದ. ಸೊನ್ನೆಗೂ ಒಂಬತ್ತಕ್ಕೂ ನಡುವೆ ಒಂದು ಚುಕ್ಕಿ ಎದ್ದು ಕಂಡಿತು.

"ಒಂಬತ್ತಲ್ಲ. ಸೊನ್ನೆ ಪಾಯಿಂಟ್ ಒಂಬತ್ತು. ಹತ್ತು ಕಟ್ಟಿದವರಿಗೆ ಒಂಬತ್ತು."

"ಗೆದ್ದಿದೀವಲ್ಲ ಮಾರಾಯ, ಕಮ್ಮಿ ಹೆಂಗಾಗುತ್ತೆ?"

"ಎಲ್ರೂ ಕೆಂಪಣ್ಣನ ಮೇಲೇ ಕಟ್ಟಿದೀರಿ. ಸೋತವರು ಒಬ್ರೂ ಇಲ್ಲ. ಗೆದ್ದವರಿಗೆ ಯಾರ ಕಾಯಿ ತಂದು ಕೊಡ್ಲಿ? ನಿಮ್ಮ ಕಾಯಿನೇ ನಿಮಗೆ, ಸಂಘದ ಪಾಲು ಕಳೆದು."

ರಂಗನಾಥ ತಲೆ ಕೆರೆದುಕೊಂಡ. "ನಾನೂ ಅವನ ಮೇಲೇ ಬದಲಾಯಿಸಿದ್ದೆ. ಇಲ್ದಿದ್ರೆ ಇಲ್ದಿರೋ ಉಂಗುರ ಯಾಕೆ ಹುಡುಕ್ತಿದ್ದೆ?" ಎಂದ. ಪಕ್ಕೆ ಹಿಡಿದುಕೊಂಡಿದ್ದವರೂ, ಕೈ ಹಿಡಿದು ಎಬ್ಬಿಸಿದವನೂ ಹಾಗೆಯೇ ತಮ್ಮ ತಮ್ಮ ಚೀಟಿ ತೋರಿಸಿದರು.

ಕೆಂಪಯ್ಯನಿಗೆ ಮೈಮೇಲಿನ ಕೆಸರು ಆಗ ಭಾರವೆನಿಸಿತು. ಓಡಿದ್ದು ತಾನಲ್ಲ, ನಿಂತದ್ದು ಅವರು. ಅವನನ್ನು ಬೈಯಲು ಜನರಿಗೆ ಕಾರಣ ಸಿಗಲಿಲ್ಲ. ಹೊಗಳಲು ಮನಸ್ಸು ಬರಲಿಲ್ಲ. ಸಂಘದ ಅಧ್ಯಕ್ಷರಾದ ಗಂಗಾಧರಪ್ಪನವರ ಮುಖ ಮಾತ್ರ ಅರಳಿತ್ತು. ಸಂಘದ ಪಾಲನ್ನು ಬೇರೆ ರಾಶಿ ಮಾಡಿಸಿ ಅವರು ಮೈಕು ಹಿಡಿದರು.

"ಮುಂದಿನ ಭಾನುವಾರ ಮೂಡಿಗೆರೆಯಲ್ಲಿ ತಾಲ್ಲೂಕು ಮಟ್ಟದ ಓಟ. ನಮ್ಮ ಹೋಬಳಿಯ ಪರವಾಗಿ ಶ್ರೀ ಕೆಂಪಯ್ಯನವರು ಓಡ್ತಾರೆ."

ಕೆಂಪಯ್ಯ ಹೆಂಡತಿಯ ಹಿಂದೆ ಸರಿದ. ದೇವೀರಮ್ಮ ಕಾಯಿಗಳನ್ನು ಒಂದೊಂದೇ ಬಡಿದು ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

"ಬೈಯಲ್ವಾ?" ಎಂದ ಮೆಲ್ಲಗೆ.

"ಮದುವೆ ಆದ ಮೇಲೆ ನೀವು ಓಡಿದ್ದನ್ನ ಇವತ್ತೇ ನೋಡಿದ್ದು. ಒಂದು ಕಾಯಿ ಕೊಟ್ಟು ನೋಡಿದೆ ಅಂದ್ಕೊಳ್ತೀನಿ," ಎಂದಳು. ಸೆರಗಿನ ತುದಿಯಿಂದ ಅವನ ಕಿವಿಯ ಕೆಸರು ಒರೆಸಿದಳು.

ಮರುದಿನ ಬೆಳಕು ಹರಿಯುವ ಮೊದಲೇ ಬಾಗಿಲು ಬಡಿದ ಸದ್ದಾಯಿತು. ಕೆಂಪಯ್ಯ ಕಂಬಳಿ ಹೊದ್ದೇ ಬಂದು ತೆರೆದರೆ ಅಂಗಳದಲ್ಲಿ ರಂಗನಾಥ, ಉಮೇಶ್, ಅವರ ಹಿಂದೆ ಬೇಯಿಸಿದ ಮೊಟ್ಟೆಯ ಡಬ್ಬಿ ಹಿಡಿದ ಸರೋಜಮ್ಮ.

"ಏಳು, ಓಡೋಣ," ಎಂದ ರಂಗನಾಥ. "ಮೂಡಿಗೆರೇಲಿ ನಿನ್ನ ಮುಖ ಯಾರಿಗೂ ಗೊತ್ತಿಲ್ಲ. ಅಲ್ಲಿ ನಿನ್ನ ಹೆಸರಿನ ಮುಂದೆ ನೂರು ಇದ್ರೂ ಇರಬಹುದು. ನಾವು ಕೆಲವರೇ ಗುಟ್ಟಾಗಿ ಕಟ್ತೀವಿ."

"ಕೆಲವರು ಅಂದ್ರೆ?"

"ಊರಿನವರು ಅಷ್ಟೇ."

ಹೇಳಿದಷ್ಟೂ ಎಡವಟ್ಟಾಗುವುದನ್ನು ಕೆಂಪಯ್ಯ ಹಿಂದಿನ ದಿನವೇ ಕಂಡಿದ್ದ. ಕಂಬಳಿ ಎಸೆದು ಎಸ್ಟೇಟಿನ ರಸ್ತೆಗಿಳಿದ. ಈ ಸಲ ರಂಗನಾಥ ಯಾವ ಉಂಗುರವನ್ನೂ ಹುಡುಕಲಿಲ್ಲ; ಸರ‍್ರನೆ ಮುಂದೆ ಹೋಗಿ ಏರಿನ ತಿರುವಿನಲ್ಲಿ ಮರೆಯಾದ. ಕೆಂಪಯ್ಯನ ಉಸಿರು ಪಲ್ಪರಿನ ಬೆಲ್ಟಿನ ಹಾಗೆ ಕಿರುಗುಟ್ಟಿತು. ಕೂರಬೇಕೆನಿಸಿ ಹಿಂದಿರುಗಿ ನೋಡಿದ. ಉಮೇಶ್ ಸೊಂಟ ಹಿಡಿದುಕೊಂಡು ನಿಂತಿದ್ದ.

"ನನಗೋಸ್ಕರ ನಿಂತ್ರಾ ರೈಟ್ರೇ?"

"ಇಲ್ಲ ಮಾರಾಯ," ಎಂದು ಉಮೇಶ್ ಏದುಸಿರು ಬಿಟ್ಟ. "ನಿಜವಾಗ್ಲೂ ಆಗ್ತಿಲ್ಲ."

ಕೆಂಪಯ್ಯ ಪಂಚೆಯನ್ನು ಇನ್ನೊಂದು ಮಡಿಕೆ ಮೇಲಕ್ಕೆ ಕಟ್ಟಿ, ಏರು ಹತ್ತತೊಡಗಿದ.