ಬಚ್ಚಲಿನ ನಲ್ಲಿಗೆ ಬಟ್ಟೆ ಅಂಗಡಿಯ ಕತ್ತರಿ

ನಮ್ಮ ಬಚ್ಚಲಿನ ಒಂದೇ ಒಂದು ನಲ್ಲಿಯನ್ನು ಪೈಪಿಗೆ ಜೋಡಿಸಲು ನನಗೆ ತಗಲಿದ ಖರ್ಚು ಒಂಬೈನೂರು ರೂಪಾಯಿ. ಅದರಲ್ಲಿ ನಲ್ಲಿಯದು ನೂರು, ಕೂಲಿ ಐವತ್ತು; ಉಳಿದದ್ದೆಲ್ಲ ಸೋಫಾದ ಹೊಸ ಹೊದಿಕೆಗೆ. ನಲ್ಲಿಗೂ ಸೋಫಾಕ್ಕೂ ಏನು ಸಂಬಂಧ ಎಂದು ಕೇಳುವವರು ಪುಣ್ಯವಂತರು, ಅವರ ಮನೆಯಲ್ಲಿ ಏನೂ ಸೋರುವುದಿಲ್ಲ. ಇದನ್ನು ಬರೆಯುವಾಗಲೂ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿದೆ.

ವಿಜಾಪುರದಿಂದ ಪುಣೆಗೆ ಬಂದಾಗ ನನ್ನ ಹೆಗಲ ಮೇಲಿದ್ದದ್ದು ಟಾವೆಲ್ಲುಗಳ ಒಂದು ಗಂಟು. ಈಗ ಸದಾಶಿವ ಪೇಠದಲ್ಲಿ ಬಟ್ಟೆ ಅಂಗಡಿ, ಧನಕವಡಿಯಲ್ಲಿ ಸ್ವಂತ ಮನೆ ಇವೆ. ಎರಡೂ ಚೌಕಾಸಿಯಿಂದಲೇ ಬಂದವು. ಅಳತೆಗಿಂತ ಒಂದು ಬೆರಳು ಹೆಚ್ಚು ಬಟ್ಟೆ ನನ್ನ ಕತ್ತರಿ ದಾಟಿ ಹೋದದ್ದಿಲ್ಲ. ಆ ಮನೆಗೆ ಮಾವನವರು ಮೊದಲ ಸಲ ಬರುವವರಿದ್ದರು. ಈ ಗಂಟು ಹೊರುವವನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಹಿಂದೆ ನಾಲ್ಕು ಜನರ ಮುಂದೆ ಅಂದವರು ಅವರು. ಜೇಜುರಿಯ ಖಂಡೋಬನ ದರ್ಶನ ಮುಗಿಸಿ, ಇನ್ನೈದು ಜನರೊಂದಿಗೆ ನಮ್ಮಲ್ಲಿ ಸ್ನಾನ, ಊಟ. ನಲ್ಲಿ ಹಳತಾಗಿತ್ತು, ಬದಲಾಯಿಸಿದೆ.

ಪ್ಲಂಬರ್ ಶರಣಪ್ಪ ಗುಲ್ಬರ್ಗಾ ಕಡೆಯವನು. ಎಂಬತ್ತು ಕೇಳಿದ. ಟೇಪು ನನ್ನದು, ಕೂಲಿ ಐವತ್ತು ಎಂದು ಮುಗಿಸಿದೆ. ನೀರು ಸೋರದಂತೆ ನಲ್ಲಿಯ ತಿರುಪಿನ ಥ್ರೆಡ್ಡಿಗೆ ಸುತ್ತುವ ಆ ಬಿಳಿ ಟೇಪು ಊದಿದರೆ ಹಾರುವಂಥದ್ದು. ಈ ಮಹಾರಾಯ ಅದನ್ನು ಮದುಮಗನಿಗೆ ರುಮಾಲು ಸುತ್ತಿದಂತೆ ಸುತ್ತತೊಡಗಿದ. ನನ್ನ ಕೈ ತಡೆಯಲಿಲ್ಲ. ಎರಡು ಸುತ್ತಾಗುತ್ತಲೇ ಅಂಗಡಿಯ ಕತ್ತರಿ ಹಾಕಿಬಿಟ್ಟೆ. ಅವನು ಏನೋ ಗೊಣಗಿ ಪಾನಾ ಹಿಡಿದು ಬಿಗಿ ಮಾಡಿದ. ನಲ್ಲಿಯ ಮೂತಿ ಗೋಡೆಯ ಕಡೆ ವಾಲಿತ್ತು. ನೆಟ್ಟಗೆ ಬರುವಷ್ಟು ಹಿಂದಕ್ಕೆ ತಿರುಗಿಸು ಎಂದೆ, ತಿರುಗಿಸಿದ. ಆಗ ಮಧ್ಯಾಹ್ನ, ನಮ್ಮ ಕಡೆ ನೀರು ಬರುವುದು ನಾಲ್ಕಕ್ಕೆ, ಒಂದೇ ತಾಸು. ಪರೀಕ್ಷಿಸುವ ಮಾತೇ ಇರಲಿಲ್ಲ.

ನಾಲ್ಕಕ್ಕೆ ನೀರೂ ಬಂತು, ಮಾವನವರೂ ಬಂದರು. ಆರೂ ಜನ ನೆತ್ತಿಯಿಂದ ಅಂಗಾಲಿನವರೆಗೆ ಖಂಡೋಬನ ಗುಡಿಯಲ್ಲಿ ಎರಚುವ ಭಂಡಾರದ ಅರಿಸಿನ. ನಲ್ಲಿಯ ಬುಡದಿಂದ ನೀರು ಚಿಮ್ಮಿ ಬಚ್ಚಲಿನ ಬಲ್ಬು ಒಡೆಯಿತು. ಓಡಿ ಹೋಗಿ ವಾಲ್ವ್ ಮುಚ್ಚಿದೆ. ನೀರು ತುಂಬಿಡುವ ಪೀಪಾಯಿ ಬೆಳಿಗ್ಗೆಯೇ ಖಾಲಿಯಾಗಿತ್ತು. ಬೀಗರೆಲ್ಲ ನನ್ನ ಬಿಳಿ ಸೋಫಾದ ಮೇಲೆ ಸಾಲಾಗಿ ಕುಳಿತರು.

"ಅಳಿಯಾರ, ಹಿಂಗ ಕೂತ್ರ ದೇವ್ರು ಅಂತ ತಿಳದು ಮಂದಿ ಕಾಯಿ ಒಡದು ಹೋಗ್ತಾರ ನೋಡ್ರಿ," ಎಂದರು ಮಾವನವರು.

ಶರಣಪ್ಪನನ್ನು ಹುಡುಕಿ ಕರೆತರುವಷ್ಟರಲ್ಲಿ ಅರ್ಧ ತಾಸು ಹೋಗಿತ್ತು. ಹಾದಿಯುದ್ದಕ್ಕೂ ಬೈದೆ, ಮನೆಗೆ ಬಂದ ಮೇಲೆ ಎಲ್ಲರಿಗೂ ಕೇಳಲಿ ಎಂದು ಇನ್ನೂ ಜೋರಾಗಿ ಬೈದೆ. ಅವನು ನಲ್ಲಿ ಕಳಚಿ ತಂದು ಮಾವನವರ ಮುಂದೆಯೇ ಹಿಡಿದ.

"ಮಾಲಕ್ರ, ಎರಡ ಸುತ್ತಿಗೆ ಕತ್ತರಿ ಹಾಕದವ್ರು ನೀವು. ಬಿಗಿ ಮಾಡಿದ್ದನ್ನ ಹಿಂದಕ್ಕ ತಿರುಗಸು ಅಂದವ್ರೂ ನೀವು. ನಾ ಬರೇ ಪಾನಾ ಹಿಡದಿದ್ದೆ."

ಮಾವನವರು ನನ್ನ ಕಡೆ ತಿರುಗಿ ನಕ್ಕರು. ಅರಿಸಿನ ಬಳಿದ ಮುಖದಲ್ಲಿ ನಗು ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಶರಣಪ್ಪ ತನ್ನ ಟೇಪಿನಿಂದ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. ಐದಕ್ಕೆ ನೀರು ನಿಲ್ಲುವಷ್ಟರಲ್ಲಿ ನಾಲ್ವರ ಸ್ನಾನವಾಯಿತು. ಮಾವನವರು ಹಳದಿಯಾಗಿಯೇ ಊಟ ಮಾಡಿ, ಹಳದಿಯಾಗಿಯೇ ಬಸ್ಸು ಹತ್ತಿದರು.

ಆದ್ದರಿಂದ ಹೇಳುತ್ತೇನೆ, ಕೇಳಿ. ಥ್ರೆಡ್ಡನ್ನು ಮೊದಲು ಒರೆಸಿ. ನಲ್ಲಿ ಬಿಗಿಯಾಗುವ ದಿಕ್ಕಿಗೇ ಟೇಪನ್ನು ಜಗ್ಗಿ ಸುತ್ತಿ, ಇಲ್ಲದಿದ್ದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದೆ. ಎಂಟು ಹತ್ತು ಸುತ್ತಾಗಲಿ, ಜಿಪುಣತನ ಬೇಡ. ಮೂತಿ ನೆಟ್ಟಗಾಗದಿದ್ದರೆ ಹಿಂದಕ್ಕೆ ತಿರುಗಿಸಬೇಡಿ. ಕಳಚಿ ಹೊಸ ಟೇಪು ಸುತ್ತಿ. ನೀರಿರುವ ಹೊತ್ತಿನಲ್ಲಿಯೇ ಪ್ಲಂಬರನನ್ನು ಕರೆಯಿರಿ. ಅವನು ಸುತ್ತುವಾಗ ನೀವು ಒಳಗೆ ಹೋಗಿ ಚಹಾ ಕುಡಿಯಿರಿ. ನನಗಂತೂ ಆಗ ಚಹಾ ಸಿದ್ಧವಿರುತ್ತದೆ. ಕತ್ತರಿಯನ್ನು ಹೆಂಡತಿ ಮೊದಲೇ ಕಪಾಟಿನಲ್ಲಿಟ್ಟು ಕೀಲಿ ಹಾಕಿರುತ್ತಾಳೆ.