ಚಾಪೆಲಿನಲ್ಲಿ ಹಿಡಿದ ಕತ್ತು

ರೋಮಿನ ಟೆಸ್ಟಾಚೊ ಮಾರುಕಟ್ಟೆಯಲ್ಲಿ ಮೀನು ಮಾರುವ ರೆಮಿಜಿಯೋ ಪೋಪರ ಸಿಸ್ಟೈನ್ ಚಾಪೆಲಿನೊಳಗೆ ಕಾಲಿಟ್ಟು, ಎಲ್ಲರ ಹಾಗೆ ಕತ್ತೆತ್ತಿ ಚಿತ್ರ ತುಂಬಿದ ಚಾವಣಿ ನೋಡಿದ. ಅಲ್ಲೇ ಕೆಟ್ಟಿದ್ದು. ಹೆಗಲ ಹತ್ತಿರ ಏನೋ ಕಳಕ್ಕೆಂದಿತು. ಮೇಲೆ ಹೋದ ಕತ್ತು ಮೇಲೇ ಉಳಿಯಿತು.

ಅವನು ಚಿತ್ರ ನೋಡಲು ಬಂದವನಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದವನಿಗೆ, ಶುಕ್ರವಾರ ತಪ್ಪದೆ ಮೀನಿಗೆ ಬರುವ ಒಂಡೀನಾ ಟೀಚರ ಮೇಲೆ ಮನಸ್ಸಾಗಿತ್ತು. ಅವರೂ ವಿಧವೆ. ಚರ್ಚಿನವರು ಹೊರಡಿಸಿದ ಈ ಪ್ರವಾಸದಲ್ಲಿ ಮದುವೆಯ ಮಾತು ಕೇಳಿಯೇ ಬಿಡಬೇಕೆಂದು ಹೊಸ ಕೋಟು ಹಾಕಿಕೊಂಡು ಬಂದಿದ್ದ. ಆದರೆ ಬಸ್ಸಿನಲ್ಲಿ ಟೀಚರು, ತೀರಿಹೋದ ಗಂಡನ ಬೆನ್ನಿಗೆ ಮುಲಾಮು ತಿಕ್ಕಿಯೇ ತಮ್ಮ ಅರ್ಧ ಆಯಸ್ಸು ಮುಗಿಯಿತು, ಇನ್ನೊಬ್ಬ ರೋಗಿ ತಮಗೆ ಬೇಡ ಎಂದಿದ್ದರು. ತನಗೆ ಇಲ್ಲಿಯವರೆಗೆ ನೆಗಡಿ ಕೂಡ ಬಂದಿಲ್ಲವೆಂದು ರೆಮಿಜಿಯೋ ಎದೆಯುಬ್ಬಿಸಿ ಹೇಳಿದ್ದ.

ಈಗ ಕತ್ತು ಹಿಡಿದಿದೆ ಎಂದು ಬಾಯಿ ಬಿಡುವುದು ಹೇಗೆ?

ಮೆಲ್ಲಗೆ ಎಡಕ್ಕೆ ತಿರುಗಿಸಿ ನೋಡಿದ. ಬೆನ್ನಿನವರೆಗೆ ಮಿಂಚು ಹೊಡೆಯಿತು. ಗೋಡೆ ಹಿಡಿಯೋಣವೆಂದು ನಾಲ್ಕು ಹೆಜ್ಜೆ ಹಾಕಿದರೆ, ನೀರು ಕುಡಿದ ಕೋಳಿಯ ಹಾಗೆ ಮುಖ ಮೇಲೆ ಮಾಡಿಕೊಂಡು ತೂರಾಡಿ ಯಾರದೋ ಕಾಲು ತುಳಿದ. ತುಳಿಸಿಕೊಂಡವಳು ಅವನ ಕೆಳಗಿನ ಮನೆಯ ಇನೆಸ್. ಬೀದಿಯ ಮದುವೆಗಳನ್ನು ಮಾಡಿಸಿದವಳೂ ಅವಳೇ, ಮುರಿದವಳೂ ಅವಳೇ.

"ಏನ್ರೀ, ಚಾವಣಿ ಕೊಂಡ್ಕೋತೀರಾ? ಆಗ್ಲಿಂದ ಅದನ್ನೇ ನೋಡ್ತಿದೀರಲ್ಲ," ಅಂದಳು.

ನೋವಿಗೆ ಅವನ ಕಣ್ಣಿಂದ ದಳದಳ ನೀರಿಳಿಯಿತು. ಅದನ್ನು ಕಂಡ ಇನೆಸ್ ಪಕ್ಕದವಳ ಕಿವಿಗೆ ಬಾಗಿದಳು. ಮರುಗಳಿಗೆ, ಮೀನಂಗಡಿಯವನಿಗೆ ದೇವರ ದರ್ಶನವಾಗಿದೆ ಎಂಬ ಪಿಸುಮಾತು ಬಸ್ಸಿನವರಿಗೆಲ್ಲ ಹಬ್ಬಿತು. ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡು ಸುತ್ತ ನಿಂತರು. ಒಬ್ಬಾಕೆ ಅವನ ಕೋಟಿಗೆ ತನ್ನ ಜಪಮಾಲೆ ಮುಟ್ಟಿಸಿದಳು. ಕಾವಲಿನವನು ಬಂದು, ಇಲ್ಲಿ ಮಾತಾಡುವಂತಿಲ್ಲ ಎಂದು ಗದರಿದ. ರೆಮಿಜಿಯೋನ ಕಣ್ಣಿಗೆ ಬೀಳುತ್ತಿದ್ದುದು ಚಾವಣಿಯ ಚಿತ್ರದಲ್ಲಿ ಆದಾಮನತ್ತ ಚಾಚಿದ ದೇವರ ಬೆರಳೊಂದೇ. ಅದೂ ಇವನನ್ನೇ ತೋರಿಸಿ 'ಸುಳ್ಳ' ಅಂದಂತಿತ್ತು.

ಅಷ್ಟರಲ್ಲಿ ಕಿವಿಯ ಹತ್ತಿರ ಒಂಡೀನಾ ಟೀಚರ ದನಿ. "ರೆಮಿಜಿಯೋ ಅವರೇ, ನೀವು ಇವತ್ತು ಏನು ಕೇಳೋಕೆ ಬಂದಿದ್ರಿ ಅಂತ ನನಗೆ ಗೊತ್ತು. ಹೂಂ ಅನ್ನೋಣ ಅಂತಲೇ ನಾನೂ ಬಂದಿದ್ದೆ."

ಅವನು ಕೈ ಚಾಚಿ ಗಾಳಿಯಲ್ಲೇ ಅವರ ಕೈಗೆ ತಡಕಾಡಿದ.

"ಆದ್ರೆ ದೇವರು ಕರೀತಿರೋರನ್ನ ಅಡುಗೆಮನೆಗೆ ಎಳೆದ್ರೆ ನನಗೆ ಪಾಪ ಬರುತ್ತೆ. ನಿಮ್ಮ ದಾರಿಗೆ ಅಡ್ಡ ಬರಲ್ಲ."

ನಿಜ ಹೇಳಿದರೆ ರೋಗಿ, ಸುಮ್ಮನಿದ್ದರೆ ಸಂತ. ಎರಡರಲ್ಲೂ ಟೀಚರು ಕೈತಪ್ಪುತ್ತಾರೆ. ರೋಗಿಯಾದರೆ ಕಾಡಿ ಬೇಡಿಯಾದರೂ ಒಪ್ಪಿಸಬಹುದೆಂದು ಬಾಯಿ ತೆರೆದ. "ಶ್!" ಎಂದ ಕಾವಲಿನವನು.

ಅಷ್ಟರಲ್ಲಿ ಅವರ ಚರ್ಚಿನ ಫಾದರ್ ಫೌಸ್ತೋ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಬೆಟ್ಟದ ಮೇಲಿನ ಮಠದಲ್ಲಿ ಅವನ ವಯಸ್ಸಿನವರನ್ನೂ ಸನ್ಯಾಸಕ್ಕೆ ಸೇರಿಸಿಕೊಳ್ಳುತ್ತಾರೆ, ಅಲ್ಲಿನ ಹಿರಿಯರು ತಮಗೆ ಬೇಕಾದವರು, ಇವತ್ತೇ ಮಾತಾಡಿಬಿಡೋಣ ಎಂದು ಪಿಸುಗುಟ್ಟಿದರು.

"ಬಲವಂತ ಇಲ್ಲಪ್ಪ. ನಿನಗೆ ಒಪ್ಪಿಗೆ ಇದ್ರೆ ಮಾತ್ರ."

ಇಲ್ಲವೆಂದು ತಲೆಯಾಡಿಸಲು ರೆಮಿಜಿಯೋ ಇದ್ದಬದ್ದ ಶಕ್ತಿಯನ್ನೆಲ್ಲ ಕತ್ತಿಗೆ ಹಾಕಿದ. ಕಟಕ್ಕೆಂದಿತು. ಹಿಡಿತ ಬಿಟ್ಟ ತಲೆ ನೆಟ್ಟಗೆ ಕೆಳಗೆ ಬಂದು, ಗದ್ದ ಎದೆಗೆ ತಾಗಿ, ಅಲ್ಲೇ ನಿಂತಿತು.

"ಒಪ್ಪಿದ್ರು," ಎಂದಳು ಇನೆಸ್, ಚಾಪೆಲಿಗೆಲ್ಲ ಕೇಳಿಸುವಂತೆ.

ಈ ಸಲ ಕಾವಲಿನವನು ಗದರಲಿಲ್ಲ. ಟೋಪಿ ತೆಗೆದ.